ಉಪವಾಸ ಬರ್ರಿ ಅಂದಿದ್ದೆ

ನಮ್ಮ ಎಂಡೋಸ್ಕೋಪಿ ಕೋಣೆಗೆ ಹೊಸ ಯಂತ್ರ ಬಂದ ದಿನದಿಂದ ಡಾಕ್ಟರ ನಡಿಗೆಯೇ ಬದಲಾಗಿತ್ತು. ಅನ್ನನಾಳದೊಳಗೆ ಸಣ್ಣ ಬಲೂನು ಇಳಿಸಿ ಉಬ್ಬಿಸಿದರೆ, ನಾಳ ಎಲ್ಲಿ ಎಷ್ಟು ಅರಳುತ್ತದೆ ಎಂದು ಪರದೆಯ ಮೇಲೆ ಬಣ್ಣದಲ್ಲಿ ತೋರಿಸುವ ಯಂತ್ರ ಅದು. ಮೊದಲ ಪೇಶಂಟು ಅಣ್ಣಿಗೇರಿಯ ನಿವೃತ್ತ ಮಾಸ್ತರು. ತಿಂದ ರೊಟ್ಟಿ ಎದೆಯಲ್ಲೇ ನಿಲ್ಲುತ್ತದೆ ಎಂಬುದು ಅವರ ತಕರಾರು. "ರಾತ್ರಿಯಿಂದ ಉಪವಾಸ ಇದ್ದು ಬರ್ರಿ" ಎಂದು ಫೋನಿನಲ್ಲಿ ಹೇಳಿದ ನರ್ಸು ನಾನೇ.

ಬೆಳಿಗ್ಗೆ ಕ್ಯಾಮೆರಾ ಇಳಿಸಿದರೆ ಅನ್ನನಾಳದ ತುಂಬ ಮುತ್ತು ಸುರಿದ ಹಾಗೆ ಸಾಬುದಾಣಿ! ಡಾಕ್ಟರು ಗಾಬರಿಯಿಂದ ಕ್ಯಾಮೆರಾ ಹೊರಗೆಳೆದು ನನ್ನನ್ನು ತಿನ್ನುವ ಹಾಗೆ ನೋಡಿದರು.

ಮಂಪರಿನ ಔಷಧಿ ಇಳಿದು ಮಾಸ್ತರಿಗೆ ಎಚ್ಚರಾದ ಮೇಲೆ ಕೇಳಿದೆ: "ಮಾಸ್ತರ, ಉಪವಾಸ ಅಂದಿದ್ನಲ್ರಿ?"

"ಅದಕ್ಕ ರಾತ್ರಿ ಸಾಬುದಾಣಿ ಖಿಚಡಿ ತಿಂದೇನಿ. ಉಪವಾಸಕ್ಕ ಮತ್ತೇನ ತಿಂತಾರ? ಖಾಲಿ ಹೊಟ್ಟಿ ಅಂದಿದ್ರ ಖಾಲಿ ಬರ್ತಿದ್ದೆ. ಮಾತು ನೆಟ್ಟಗ ಆಡಬೇಕವ್ವಾ."

ಮುಂದಿನ ವಾರ ನೀರೂ ಮುಟ್ಟದೆ ಬಂದರು. ಬಲೂನು ಉಬ್ಬಿತು, ಬಣ್ಣ ಮೂಡಿತು. ಆಮೇಲೆ ಡಾಕ್ಟರು ಪ್ರಿಂಟು ಹಿಡಿದು, ಹೊಸ ಗ್ರಹ ಕಂಡುಹಿಡಿದವರ ಗತ್ತಿನಲ್ಲಿ, "ಅನ್ನನಾಳದ ಕೆಳಗಿನ ಬಾಗಲಾ ತೆರೀವಲ್ದು ನೋಡ್ರಿ. ತಿಂದದ್ದು ಅಲ್ಲೇ ನಿಲ್ಲತೈತಿ" ಎಂದರು.

ಮಾಸ್ತರು ಆ ಕಾಗದವನ್ನು ಉತ್ತರಪತ್ರಿಕೆ ನೋಡುವಂತೆ ನೋಡಿದರು. "ರಾತ್ರಿ ತಿಂದ ಸಾಬುದಾಣಿ ಮುಂಜಾನಿ ತನಕ ಅಲ್ಲೇ ಕುಂತು ಇದನ್ನ ಹೇಳಿತ್ತಲ್ರಿ. ನಿಮಗ ಕೇಳಿಸಲಿಲ್ಲ."

ಚಿಕಿತ್ಸೆ ಮುಗಿದು ಮಾಸ್ತರಿಗೆ ಈಗ ರೊಟ್ಟಿ ಸಲೀಸಾಗಿ ಇಳಿಯುತ್ತದೆಯಂತೆ. ಅವರ ಆ ಸಾಬುದಾಣಿ ಮಾತು ಮಾತ್ರ ನಮ್ಮ ಡಾಕ್ಟರ ಗಂಟಲಲ್ಲಿ ಇನ್ನೂ ಇಳಿದಿಲ್ಲ.