ಕಂಬಿ ತಳ ಬಡಿಯುವ ಮುನ್ನ

“ಶಾಕಪ್ ಬಡೀಲಿಕತ್ತದ ಅಂದ್ರ ಅದರ ಕಥಿ ಮುಗೀತು, ಹೊಸಾದು ಹಾಕ್ರಿ.” ತುರೋರಿ ಹೆದ್ದಾರಿಯ ಗ್ಯಾರೇಜುಗಳ ಈ ತೀರ್ಪನ್ನು ಹಳೇ ಮೆಕ್ಯಾನಿಕ್ ಆದ ನಾನು ಒಪ್ಪುವುದಿಲ್ಲ. ದಾಳಿಂಬದ ಆಟೊ ಚಾಲಕ ಮಾಳಪ್ಪ ಎರಡು ಸಲ ಹೊಸ ಶಾಕಪ್, ಅಂದರೆ ಶಾಕ್ ಅಬ್ಸಾರ್ಬರ್, ಹಾಕಿಸಿದ್ದರೂ ಪ್ರತಿ ಗುಂಡಿಗೂ ಗಾಡಿ ಧಡ್ ಎನ್ನುತ್ತಿತ್ತು.

“ಹೆಂಡ್ತಿಗಿ ಏಳನೇ ತಿಂಗಳ. ನನ್ನ ಗಾಡ್ಯಾಗೇ ದವಾಖಾನಿಗಿ ಒಯ್ಲಾಕ ಅಂಜಿಕಿ ಬರ್ತದ ರೀ ಕಾಕಾ,” ಎಂದ.

ಬಗ್ಗಿ ನೋಡಿದೆ. ಗುಂಡಿಗೆ ಬಿದ್ದು ಶಾಕಪ್‌ನ ಕಂಬಿ ಪೂರ್ತಿ ಒಳಗಿಳಿದಾಗ ತಡೆಯಬೇಕಾದ ರಬ್ಬರಿನ ಜಾಗದಲ್ಲಿ ಯಾರೋ ಹಳೆಯ ಟೈರಿನ ಚಪ್ಪಟೆ ತುಂಡು ಕೂರಿಸಿದ್ದರು. ಎರಡೂ ಸಲ ಅದನ್ನೇ ಮತ್ತೆ ಹಾಕಿದ್ದರು. ಅದು ಗೋಡೆಯಂತೆ ಒಮ್ಮೆಲೇ ತಡೆಯುತ್ತಿತ್ತು. ಮೊದಲು ತುದಿ ಕುಗ್ಗಲಿ, ಆಮೇಲೆ ಬುಡ ನಿಧಾನವಾಗಿ ಎದುರಿಸಲಿ ಎಂದು ಮೆತ್ತನೆಯ ರಬ್ಬರನ್ನು ತುದಿ ಸಣ್ಣ, ಬುಡ ದಪ್ಪ ಇರುವಂತೆ ಕೆತ್ತಿದೆ.

“ಈ ವಯಸ್ಸಿನಾಗ ಬುಗುರಿ ಆಡ್ತೀರೇನ್ ರೀ ಕಾಕಾ?” ಎಂದು ಅವನ ಹೆಂಡತಿ ನಕ್ಕಳು. ಅದನ್ನು ಕೂರಿಸಿದ ಮೇಲೆ ಅದೇ ಆಟೊದಲ್ಲಿ ಉಮರ್ಗಾದ ದವಾಖಾನೆಗೆ ಹೋಗಿಬಂದವಳು ಹೊಟ್ಟೆಯ ಮೇಲೆ ಕೈಯಿಟ್ಟು, “ಕೂಸಿಗಿ ಎಚ್ಚರನೇ ಆಗಲಿಲ್ಲ ನೋಡ್ರಿ,” ಎಂದಳು.

ಹೊರಡುವ ಮುನ್ನ ಮಾಳಪ್ಪ ಕಂಬಿಯುದ್ದಕ್ಕೂ ಬೀರಪ್ಪನ ಭಂಡಾರದ ಅರಿಶಿನ ಹಚ್ಚಿದ್ದ. ಕಂಬಿ ಒಳಗೆ ಹೋದಷ್ಟು ಭಾಗದ ಅರಿಶಿನ ಉಜ್ಜಿಹೋಗಿದೆ. ತುದಿಯಲ್ಲಿ ಒಂದು ಬೆರಳಗಲದಷ್ಟು ಇನ್ನೂ ಹಾಗೆಯೇ ಇದೆ; ಅಂದರೆ ಕಂಬಿ ಒಮ್ಮೆಯೂ ತಳ ಬಡಿದಿಲ್ಲ. ಸಂದೇಹವಿದ್ದವರು ತುರೋರಿ ಸ್ಟ್ಯಾಂಡಿನಲ್ಲಿ ಅವನ ಆಟೊದಡಿ ಬಗ್ಗಿ ನೋಡಬಹುದು.