ಹಾಳೆ ತಿರುಗಿಸದ ತಾತ

ಬಜೆ ಬೇರಿನ ಘಾಟು ಮೂಗಿಗೆ ಬಡಿದರೆ ಸಾಕು, ಜವಳಗಿರಿಯ ನಮ್ಮ ಮನೆಯ ಜಗಲಿ ಕಣ್ಣ ಮುಂದೆ ಬರುತ್ತದೆ. ತಾತನ ಪುರಾಣದ ಪುಸ್ತಕಕ್ಕೆ ಹುಳು ಹತ್ತದಿರಲೆಂದು ಅಜ್ಜಿ ಅದನ್ನು ಸುತ್ತಿದ ಬಟ್ಟೆಯೊಳಗೆ ಬಜೆ ಇಡುತ್ತಿದ್ದಳು. ಹೊಸೂರಿನ ಈ ಎರಡು ಕೋಣೆಯ ಮನೆಯಲ್ಲಿ ನಾನೂ ನನ್ನ ತಾಲ್ಮುದ್ ಪಾಠದ ಹಾಳೆಗಳ ನಡುವೆ ಅದನ್ನೇ ಇಡುತ್ತೇನೆ. ಯೆಹೂದ್ಯರ ಹಳೆಯ ಧರ್ಮಚರ್ಚೆಯ ಗ್ರಂಥ ಅದು. ಅದರಲ್ಲಿ ಪದವಿ ಮಾಡಬೇಕೆಂದು, ಐವತ್ತು ದಾಟಿದ ಮೇಲೆ, ದೂರದೇಶದ ಕಾಲೇಜೊಂದಕ್ಕೆ ಕಂಪ್ಯೂಟರಿನಲ್ಲೇ ಸೇರಿದ್ದೆ. "ಎದುಕ್ಕು ಅಕ್ಕಾ? ಯಾಕೆ ಈ ಓದು? ಪೆನ್ಷನ್ ಜಾಸ್ತಿ ಕೊಡ್ತಾರಾ?" ಎಂದು ಎದುರುಮನೆಯ ಸೆಲ್ವಿ ನಗುತ್ತಾಳೆ. ನಾನೂ ನಗುತ್ತೇನೆ. ಜಗಲಿಯ ವಿಷಯ ಅವಳಿಗೆ ಹೇಗೆ ಹೇಳಲಿ?

ಮಧ್ಯಾಹ್ನ ಮುದ್ದೆ ಉಂಡು, ಕೈಯೊರೆಸಿದ ಟವೆಲ್ಲನ್ನೇ ಹಾಸಿಕೊಂಡು, ತಾತನ ಗೆಳೆಯ ಮುನಿಯಪ್ಪ ಜಗಲಿಯ ಮೇಲೆ ಕೂರುತ್ತಿದ್ದ. ತಾತ ಒಂದು ಸಾಲು ಓದಬೇಕು, ಮುನಿಯಪ್ಪ "ಇಲ್ಲ" ಅನ್ನಬೇಕು. ಅವನು ವಾದ ಮುಗಿಸಿ "ಹೂಂ" ಅನ್ನುವವರೆಗೆ ಹಾಳೆ ತಿರುಗಿಸುವಂತಿಲ್ಲ. ಅದು ಅವರಿಬ್ಬರ ಕಟ್ಟಳೆ. ಕೊನೆಯ ಬಾರಿ ಅವರು ನಿಂತದ್ದು ಒಬ್ಬ ಬೇಡನ ಕಥೆಯಲ್ಲಿ. ಮನೆಯಲ್ಲಿದ್ದ ಕೊನೆಯ ಹಿಡಿ ರಾಗಿಯನ್ನು ಅವನು ಅತಿಥಿಗೆ ಕೊಟ್ಟು ಪುಣ್ಯ ಕಟ್ಟಿಕೊಂಡನಂತೆ. "ಅಲ್ಲ ಕಣ್ಲಾ, ಹೆಂಡ್ರು ಪಾಲ್ನೂ ಸೇರ್ಸಿ ಕೊಟ್ಬುಟ್ನಲ್ಲ, ಅವ್ಳ್ನ ಒಂದ್ ಮಾತು ಕೇಳುದ್ನಾ? ಪುಣ್ಯ ಯಾರ್ದ್ಲಾ?" ಎಂದು ಮುನಿಯಪ್ಪ. "ಪುರಾಣಕ್ಕೇ ಬುದ್ಧಿ ಹೇಳ್ತೀಯೇನ್ಲಾ, ಕತ್ತೆ!" ಎಂದು ತಾತ. ಒಳಗೆ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾಳೆ ನೋಡೋಣ ಎಂದು ಇಬ್ಬರೂ ಎದ್ದರು. ಆ ವಾರ ಜ್ವರ ಬಂದು ಮುನಿಯಪ್ಪ ತೀರಿಕೊಂಡ.

ತಿಂಗಳಾದರೂ ತಾತ ಪುಸ್ತಕ ಮುಟ್ಟಲಿಲ್ಲ. ಹತ್ತು ವರ್ಷದ ನನಗೆ ಅದನ್ನು ನೋಡಲಾಗಲಿಲ್ಲ. ಗಂಟು ಬಿಚ್ಚಿ ಪುಸ್ತಕವನ್ನು ತಾತನ ತೊಡೆಯ ಮೇಲಿಟ್ಟು, ಮುನಿಯಪ್ಪನ ಜಾಗದಲ್ಲಿ ಕೂತೆ. ತಾತನ ಮುಖ ಬೆಳಗಿತು. ತಾತ ಬೇಡನ ಕಥೆಯನ್ನು ಮೊದಲಿನಿಂದ ಓದಿ, ನನ್ನ ಕಡೆ ನೋಡಿತು. ತಾತನಿಗೆ ಸಂತೋಷವಾಗಲಿ ಎಂದು ನಾನು ತಟಕ್ಕನೆ "ಹೂಂ" ಅಂದುಬಿಟ್ಟೆ. "ಇಷ್ಟ್ ಬೇಗ ಒಪ್ಕಂಬುಟ್ಯಾ ಮಗಾ," ಎಂದು ತಾತ ನನ್ನ ತಲೆ ಸವರಿ ಪುಸ್ತಕ ಮುಚ್ಚಿತು. ಹಾಳೆ ತಿರುಗಿಸಲಿಲ್ಲ. ಆಮೇಲೆ ಅದನ್ನು ತೆರೆಯಲೇ ಇಲ್ಲ.

ತಾಲ್ಮುದನ್ನೂ ಹಾಗೆಯೇ ಇಬ್ಬರು ಎದುರುಬದುರು ಕೂತು, ಜಗಳವಾಡುತ್ತ ಓದಬೇಕು ಎಂದು ಎಲ್ಲೋ ಓದಿದ ದಿನವೇ ನಾನು ಅರ್ಜಿ ಹಾಕಿದ್ದು. ನನಗೆ ಜೊತೆಯಾದವಳು ಮಿರಿಯಂ, ಕಡಲಾಚೆಯ ಮುದುಕಿ. ನಾನು ಏನು ಹೇಳಿದರೂ ಪರದೆಯ ಮೇಲೆ ಬೆರಳಾಡಿಸಿ "ಇಲ್ಲ, ಇಲ್ಲ" ಅನ್ನುತ್ತಿದ್ದಳು. ವಾರಕ್ಕೆರಡು ದಿನ ಮನೆ ತುಂಬಿದ ಹಾಗಿರುತ್ತಿತ್ತು. ಹೋದ ತಿಂಗಳು ಅವಳು ಕಣ್ಣು ಕಾಣದೆ ಓದು ಬಿಟ್ಟಳು. ಇನ್ನೊಬ್ಬರು ಸಿಗುವವರೆಗೆ ಮುಂದಿನ ಪಾಠವಿಲ್ಲ, ಪರೀಕ್ಷೆಯೂ ಇಲ್ಲ ಎಂದು ಕಾಲೇಜಿನವರು ಬರೆದರು.

ಇವತ್ತು ಮಧ್ಯಾಹ್ನ ಆ ಪಾಠದ ಹಾಳೆಗಳನ್ನು ಎತ್ತಿಟ್ಟು, ನನ್ನ ಪಾಲಿಗೆ ಬಂದಿದ್ದ ತಾತನ ಪುಸ್ತಕದ ಗಂಟು ಬಿಚ್ಚಿದೆ. ಬೇಡನ ಕಥೆಯ ಹಾಳೆ ತಾನಾಗಿಯೇ ತೆರೆದುಕೊಂಡಿತು. ಗಟ್ಟಿಯಾಗಿ ಓದಿದೆ. ಓದಿ, "ಇಲ್ಲ ತಾತ, ಅವಳನ್ನ ಕೇಳ್ಬೇಕಿತ್ತು," ಅಂದೆ. ಎದುರಿನ ಕುರ್ಚಿಯ ಮೇಲೆ ಬಿಸಿಲು ಬಂದು ಕೂತಿತ್ತು. ಅದು ಸರಿದು ಹೋಗುವವರೆಗೂ ಹಾಳೆ ತಿರುಗಿಸದೆ ಕಾದೆ.