ಕೋಟೆ ಆಟ ಗೆದ್ದವಳು ನಾನೊಬ್ಬಳೇ

ಒದ್ದೆ ಸಾಕ್ಸಿನ ನಾತದಿಂದ ಶುರು ಮಾಡಬೇಕಾಗಿದೆ, ಬೇಸರ ಮಾಡಿಕೊಳ್ಳಬೇಡಿ. ಹೋದ ತಿಂಗಳು ಒಂದು ದಿನ ಮಗ ಶಾಲೆಯಿಂದ ಬಂದವನು ಸಾಕ್ಸು ಬಿಚ್ಚಿ ಇನ್ವರ್ಟರ್ ಮೇಲೆ ಒಣಹಾಕಿದ್ದ. ಬಿಸಿ ಪ್ಲಾಸ್ಟಿಕ್ಕು, ಬೆಚ್ಚಗಾದ ಧೂಳು, ಅದರ ಮೇಲೆ ಸಾಕ್ಸು... ಬೈಯಲು ಹೋದವಳು ಹಾಗೇ ನಿಂತೆ. ನಾನು ಚಿಕ್ಕವಳಿದ್ದಾಗ ಕೊಪ್ಪದಲ್ಲಿದ್ದ ಕಂಪ್ಯೂಟರ್ ಸೆಂಟರಿನ ವಾಸನೆ ಅದು, ಒಂಚೂರೂ ಹೆಚ್ಚುಕಮ್ಮಿ ಇಲ್ಲ.

ಬಸ್‌ಸ್ಟ್ಯಾಂಡಿನ ಹತ್ತಿರ, ಮಹಡಿ ಮೇಲೆ ಒಂದು ಕೋಣೆ. ಮೆಟ್ಟಿಲಲ್ಲೇ ಶೂ ಬಿಡಬೇಕು. ಕಂಪ್ಯೂಟರಿಗೆ ಧೂಳು ಕೂರಬಾರದು ಅಂತ ಕಿಟಕಿಗೆಲ್ಲ ಪರದೆ. ಶಿವಮೊಗ್ಗದಿಂದ ಯಾರೋ ಬಳಸಿ ಬಿಟ್ಟ ಕಂಪ್ಯೂಟರುಗಳನ್ನು ತಂದು ಮಕ್ಕಳಿಗೆ ಕ್ಲಾಸು ನಡೆಸುತ್ತಿದ್ದವರನ್ನು ನಾವು ಮೇಷ್ಟ್ರು ಅನ್ನುತ್ತಿದ್ದೆವು. ಸಣಕಲು ಆಸಾಮಿ, ಕುತ್ತಿಗೆಯವರೆಗೂ ಗುಂಡಿ ಹಾಕಿದ ಶರ್ಟು, ಮಾತು ಕಮ್ಮಿ. ಕ್ಲಾಸು ಮುಗಿದ ಮೇಲೆ ಆಟಕ್ಕೆ ಬಿಡುತ್ತಿದ್ದರು.

ಅದಕ್ಕೆ ನಾವಿಟ್ಟ ಹೆಸರು ಕೋಟೆ ಆಟ. ಬೆಟ್ಟದ ಮೇಲೊಂದು ಕೋಟೆ, ಒಳಗೆ ಬೆರಳೆಣಿಕೆಯ ಜನ. ಯಾರನ್ನು ಕಲ್ಲಿಗೆ ಕಳಿಸಬೇಕು, ಯಾರನ್ನು ಭತ್ತಕ್ಕೆ, ಯಾರನ್ನು ಕಾವಲಿಗೆ, ಎಲ್ಲ ನಾವೇ ಲೆಕ್ಕ ಹಾಕಬೇಕು. ಮೂಲೆಯಲ್ಲಿ ಮರಳಿನ ಗಡಿಯಾರ. ಕಲ್ಲು, ಭತ್ತ ತಂದು ಬಾಗಿಲು ಹಾಕುವ ಮೊದಲೇ ಮರಳು ಪೂರ್ತಿ ಇಳಿಯಿತೋ, ನಗಾರಿ ಬಡಿದು ಶತ್ರುಗಳು ನುಗ್ಗಿದರು ಅಂತಲೇ. ಮೊದಲನೇ ಕೋಟೆಯನ್ನೇ ಯಾರೂ ಉಳಿಸಿರಲಿಲ್ಲ. ನನ್ನ ಕಥೆಯಂತೂ ಕೇಳಲೇಬೇಡಿ. ಶಾಲೆಯಲ್ಲಿ ನನಗಿದ್ದ ಹೆಸರೇ ಬಸವನಹುಳ. ಉತ್ತರ ಗೊತ್ತಿದ್ದರೂ ಬರೆದು ಮುಗಿಸುವಷ್ಟರಲ್ಲಿ ಬೆಲ್ ಹೊಡೆದಿರುತ್ತಿತ್ತು.

ಒಂದು ಶನಿವಾರ ಜೋರು ಮಳೆಗೆ ಬೇರೆ ಮಕ್ಕಳು ಬರಲಿಲ್ಲ. ಮೇಷ್ಟ್ರು ನನ್ನ ಪಕ್ಕ ಸ್ಟೂಲ್ ಎಳೆದು ಕೂತರು. ಎಡಗೈಯನ್ನು ಕಂಪ್ಯೂಟರಿನ ಡಬ್ಬದ ಮೇಲೆ ಇಟ್ಟಿದ್ದರು, ದನದ ಬೆನ್ನ ಮೇಲೆ ಕೈಯಿಟ್ಟು ನಿಲ್ಲುತ್ತಾರಲ್ಲ, ಹಾಗೆ. ಗಡಿಯಾರದ ಕಡೆ ನೋಡಬೇಡ, ಕೋಟೆ ನೋಡು ಅಂದರು. ನೋಡಿದೆ. ಕಲ್ಲು ಬಂತು, ಭತ್ತ ಬಂತು, ಬಾಗಿಲು ಹಾಕಿ ಆಯಿತು. ಮರಳು ಇನ್ನೂ ಉಳಿದಿತ್ತು...

"ಯಾರಿಗೂ ಹೇಳ್ಬೇಡ, ಉಳಿದವ್ರಿಗೆ ಬೇಜಾರಾಗ್ತದೆ. ಇದನ್ನ ಗೆದ್ದಿದ್ದು ನೀನೊಬ್ಳೇ," ಅಂದರು.

ಹೇಳಲಿಲ್ಲ. ಆದರೆ ಅವತ್ತಿಂದ ನಾನು ಬಸವನಹುಳ ಅಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕೊನೆಯ ಬೆಲ್ ಹತ್ತಿರವಾದಾಗ, ನರ್ಸಿಂಗ್ ಕಲಿಯುವಾಗ, ಆಸ್ಪತ್ರೆಯಲ್ಲಿ ಡಾಕ್ಟರು ಬೇಗ ಬೇಗ ಅಂತ ಕೂಗಿದಾಗ, ಮರಳನ್ನೇ ಸೋಲಿಸಿದವಳು ನೀನು ಅಂತ ನನಗೆ ನಾನೇ ಹೇಳಿಕೊಂಡು ಬಂದವಳು. ನನ್ನ ಧೈರ್ಯದ ಬುಡವೇ ಆ ಆಟ.

ಮಗನಿಗೂ ನನ್ನದೇ ನಿಧಾನ. ಪೇಪರು ಪೂರ್ತಿ ಮಾಡುವುದಿಲ್ಲ ಅಂತ ಅವನ ಮಿಸ್ಸು ಕರೆಸಿ ಹೇಳಿದ್ದರು. ಸಾಕ್ಸಿನ ನಾತಕ್ಕೆ ಎಲ್ಲ ನೆನಪಾಗಿ, ನೋಡು ನಿನ್ನಮ್ಮ ಎಂಥವಳು ಅಂತ ಅವನಿಗೆ ತೋರಿಸುವ ಹುರುಪು ಬಂತು. ನಮ್ಮನೆಯವರು ಆ ಆಟವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಲ್ಯಾಪ್‌ಟಾಪಿಗೆ ಹಾಕಿಕೊಟ್ಟರು. ಮೈಮುರಿದು ಕೂತೆ. ಮೊದಲ ಮೂಟೆ ಭತ್ತ ಬಾಗಿಲಿಗೆ ಬರುವುದರೊಳಗೆ ನಗಾರಿ ಬಡಿಯಿತು. ಮತ್ತೆ ಆಡಿದೆ. ಮತ್ತೆ ನಗಾರಿ.

ಏನೋ ತಪ್ಪಾಗಿದೆ, ನಾನು ಗೆದ್ದಾಗ ಇಷ್ಟು ಜೋರಾಗಿ ಓಡುತ್ತಿರಲಿಲ್ಲ ಇದು ಅಂದೆ. ಇವರು ನೋಡಿ, ಇದೇ ಸರಿಯಾದ ವೇಗ ಅಂದರು. ಆಗಿನ ಡಬ್ಬಗಳಲ್ಲಿ ಒಂದು ಬಟನ್ ಇರುತ್ತಿತ್ತಂತೆ. ಒತ್ತಿದರೆ ಇಡೀ ಮಷೀನೇ ನಿಧಾನ, ಅದರೊಳಗಿನ ಗಡಿಯಾರವೂ ನಿಧಾನ. ಯಾರೋ ಒತ್ತಿರಬೇಕು ಅಂದರು.

ಡಬ್ಬದ ಮೇಲಿನ ಆ ಎಡಗೈ... ಲ್ಯಾಪ್‌ಟಾಪು ಮುಚ್ಚಿಟ್ಟೆ.

ಸುಳ್ಳು ಯಾಕೆ ಹೇಳಲಿ, ಮೊದಲು ಬಂದಿದ್ದು ಕೆಟ್ಟ ಸಿಟ್ಟು. ಸೆಂಟರು ಮುಚ್ಚಿದ ಮೇಲೆ ಮೇಷ್ಟ್ರು ಶೃಂಗೇರಿ ಹತ್ತಿರ ಮೆಣಸೆಯಲ್ಲಿದ್ದಾರೆ ಅಂತ ಕೇಳಿದ್ದೆ. ರಜೆ ದಿನ ನಾವೀಗಿರುವ ನರಸಿಂಹರಾಜಪುರದಿಂದ ಬಸ್ಸು ಹತ್ತಿದವಳು ದಾರಿಯುದ್ದಕ್ಕೂ ಜಗಳದ ಮಾತು ಜೋಡಿಸಿಕೊಂಡೆ. ಗೆಲ್ಲಿಸಿ ಅಂತ ನಾನೇನು ಕೇಳಿದ್ದೆನಾ? ಸೋತರೆ ಸೋಲುತ್ತಿದ್ದೆ, ನಿಮಗೇನು ಕಷ್ಟ?

ಬಾಗಿಲಿಗೆ ಬಂದವರು ಅವರ ಹೆಂಡತಿ. ಮೇಷ್ಟ್ರು ತೀರಿಕೊಂಡು ವರ್ಷದ ಮೇಲಾಯಿತಂತೆ. ನಾನು ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ. ಅವರೇ ಕೈ ಹಿಡಿದು ಒಳಗೆ ಕೂರಿಸಿದರು. ಬಂದ ಕಾರಣ ಹೇಳಲೇಬೇಕಲ್ಲ, ಕೋಟೆ ಆಟದ ವಿಷಯ ತೆಗೆದೆ. ಅವರು ನಕ್ಕುಬಿಟ್ಟರು.

"ನೀನೂ ಗೆದ್ದವ್ಳಾ? ಬಂದವ್ರೆಲ್ಲ ಅದನ್ನೇ ಹೇಳ್ತಾರೆ ಮಾರಾಯ್ತಿ, ಗೆದ್ದಿದ್ದು ನಾನೊಬ್ನೇ, ನಾನೊಬ್ಳೇ ಅಂತ."

ಅಯ್ಯೋ ದೇವರೇ! ಒಬ್ಬೊಬ್ಬರನ್ನೇ ಒಂಟಿಯಾಗಿ ಕೂರಿಸಿ, ಅದೇ ಕೈ, ಅದೇ ಮಾತು. ಪಾಪ, ಉಳಿದ ಮಕ್ಕಳಿಗೆ ಆಗಲಿಲ್ಲವಲ್ಲ ಅಂತ ನಾನು ಇಷ್ಟು ವರ್ಷ ಮರುಗಿದ್ದು ಅವರಿಗಾಗಿ. ಅವರು ಮರುಗಿದ್ದು ನನಗಾಗಿ. ನಗು ಬಂತು. ತಂದ ಜಗಳ ಅಲ್ಲೇ ಕರಗಿ ಹೋಯಿತು.

ಕಾಫಿ ಕುಡಿಯುತ್ತಾ, ಕೊನೆಗೆ ಹೇಗಿದ್ದರು ಅಂತ ಕೇಳಿದೆ. ನರ್ಸಿನ ಚಾಳಿ. ಲಕ್ವ ಹೊಡೆದಿತ್ತಂತೆ. ತಿಳಿವಳಿಕೆ ಎಲ್ಲ ಸರಿಯಿತ್ತು, ಮಾತು ಮಾತ್ರ ಬಹಳ ನಿಧಾನ.

"ಅವ್ರು ಅರ್ಧ ಹೇಳುವಷ್ಟ್ರಲ್ಲಿ ನಾವೇ ಮುಗಿಸ್ತಿದ್ವಿ. ಕಾಫಿ ಬೇಕಾ, ಮಲಗ್ಬೇಕಾ ಅಂತ. ಅಲ್ಲ ಅಲ್ಲ ಅಂತ ಕೈ ಆಡ್ಸಿ ಮತ್ತೆ ಮೊದಲಿಂದ ಶುರು ಮಾಡೋರು. ಆಮೇಲಾಮೇಲೆ ಮಾತಾಡೋದೇ ಬಿಟ್ರು," ಅಂದರು.

ಏನು ಹೇಳಬೇಕಂತಿದ್ದರು ಅಂತ ಕೇಳಿದೆ. ಅವರು ಲೋಟ ಕೆಳಗಿಟ್ಟರು.

"ಗೊತ್ತಿಲ್ಲ. ನಾವು ಕಾಯ್ಲೇ ಇಲ್ಲ."

ಬಂದು ವಾರವಾಯಿತು, ಎದೆಯ ಮೇಲೆ ಕೂತ ಆ ಮಾತು ಇಳಿದಿಲ್ಲ. ಮೇಷ್ಟ್ರಿಲ್ಲ, ಅವರು ಹೇಳಬೇಕೆಂದಿದ್ದೂ ಅವರ ಜೊತೆಗೇ ಹೋಯಿತು. ಇನ್ನೇನು ಡ್ಯೂಟಿಗೆ ಹೊರಡಬೇಕು. ನಮ್ಮ ವಾರ್ಡಿನಲ್ಲಿ ಲಕ್ವ ಹೊಡೆದವರು ಇದ್ದೇ ಇರುತ್ತಾರೆ. ಅವರು ಬಾಯಿ ತೆರೆಯುವುದರೊಳಗೆ ಏನು ಬೇಕು ಅಂತ ನಾನೇ ಹೇಳಿ ಮುಗಿಸಿಬಿಡುತ್ತೇನೆ. ಚುರುಕಿನ ನರ್ಸು ಅಂತ ಅಲ್ಲಿ ನನಗೆ ಭಾರೀ ಹೆಸರು.